ಹೊಗಳಿಸಿಕೊಂಡ ಕೀವು

ಕಳೆದ ರಜೆಯಲ್ಲಿ ನನ್ನ ಅಂಗಾಲಿಗೆ ಗಾಜು ಚುಚ್ಚಿತು. ಮೂರನೆಯ ದಿನ ಕೀವು ಕಟ್ಟಿದಾಗ ನಾನಿ ಸಮಾಧಾನ ಹೇಳಿದರು: "ಹೆದರಬೇಡ, ಚೆನ್ನಾಗಿ ಹಣ್ಣಾಗಲಿ. ಕೆಟ್ಟದ್ದೆಲ್ಲ ಹೊರಗೆ ಹೋದರೆ ತಾನೇ ಮಾಯುತ್ತೆ." ನಾನೂ ನಂಬಿ ಸುಮ್ಮನಿದ್ದೆ. ಆ ರಾತ್ರಿ ಜ್ವರ ಬಂತು. ಬೆಳಿಗ್ಗೆ ಕೀವು ತೆಗೆದ ವೈದ್ಯರು ನಗುತ್ತಾ, "ಯೂರೋಪಿನ ಹಳೆಯ ವೈದ್ಯರೂ ನಿಮ್ಮ ನಾನಿಯ ಹಾಗೇ ಹೇಳುತ್ತಿದ್ದರು" ಎಂದರು. ಅದೇನೆಂದು ಹುಡುಕಿ ಓದಿದೆ.

ಮಧ್ಯಯುಗದ ಆ ವೈದ್ಯರು ಗಾಯದ ಗಟ್ಟಿ, ಬಿಳಿ ಕೀವನ್ನು ಲ್ಯಾಟಿನ್ ಭಾಷೆಯಲ್ಲಿ 'ಪುಸ್ ಬೋನುಮ್ ಎಟ್ ಲೌಡಾಬಿಲೆ' ಎಂದು ಕರೆದರು. ಅಂದರೆ 'ಒಳ್ಳೆಯ, ಹೊಗಳತಕ್ಕ ಕೀವು'. ಲ್ಯಾಟಿನ್ನಿನ 'ಪುಸ್' ಮತ್ತು ಸಂಸ್ಕೃತದ 'ಪೂಯ' ಒಂದೇ ಮೂಲದಿಂದ ಬಂದ ಪದಗಳು.

ಕೀವನ್ನು ಹೊಗಳಿದ್ದೇಕೆ? ತೆಳುವಾದ, ರಕ್ತ ಬೆರೆತ ನೀರು ಸುರಿದರೆ ಸೋಂಕು ಮೈಗೆಲ್ಲ ಹರಡಿ ರೋಗಿ ಸಾಯುತ್ತಿದ್ದುದೇ ಹೆಚ್ಚು. ಗಟ್ಟಿ ಕೀವು ಬಂದವರು ಹೆಚ್ಚಾಗಿ ಬದುಕುತ್ತಿದ್ದರು. ಅವರು ಕಂಡದ್ದು ಸುಳ್ಳಲ್ಲ. ರೋಗಾಣುಗಳೊಡನೆ ಹೋರಾಡಿ ಸತ್ತ ಬಿಳಿ ರಕ್ತಕಣಗಳು, ರೋಗಾಣುಗಳು, ನಾಶವಾದ ಅಂಗಾಂಶ ಸೇರಿದ್ದೇ ಕೀವು. ಗಟ್ಟಿ ಕೀವು ಎಂದರೆ ಸೋಂಕನ್ನು ದೇಹ ಒಂದೇ ಕಡೆ ತಡೆದಿಟ್ಟಿದೆ ಎಂದು ಸಾಮಾನ್ಯವಾಗಿ ಅರ್ಥ. ಆದರೆ ಅವರು 'ಕೀವು ಬಂದರೂ ಬದುಕಿದ' ಎನ್ನುವ ಬದಲು 'ಕೀವು ಬಂದದ್ದರಿಂದ ಬದುಕಿದ' ಎಂದುಕೊಂಡರು. ಕೆಲವರು ಗಾಯದಲ್ಲಿ ಬೇಕೆಂದೇ ಕೀವು ಬರಿಸುತ್ತಿದ್ದರು!

13ನೆಯ ಶತಮಾನದಲ್ಲೇ ಇಟಲಿಯ ಶಸ್ತ್ರವೈದ್ಯ ಥಿಯೊಡೊರಿಕ್ ಬೊರ್ಗೊನೊನಿ ಇದನ್ನು ವಿರೋಧಿಸಿದರು. ಗಾಯವನ್ನು ಶುಚಿಮಾಡಿ, ಅಂಚು ಕೂಡಿಸಿ ಕಟ್ಟಿದರೆ ಕೀವಿಲ್ಲದೆಯೂ ಮಾಯುತ್ತದೆ ಎಂದರು. ಹೆಚ್ಚಿನವರು ಕೇಳಲಿಲ್ಲ. 1867ರಲ್ಲಿ ಬ್ರಿಟನ್ನಿನ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯದ ಸೋಂಕು ತಡೆದ ವಿವರ ಪ್ರಕಟಿಸಿದರು. ಆಮೇಲೆ ನಿಧಾನವಾಗಿ 'ಹೊಗಳತಕ್ಕ ಕೀವು' ಪುಸ್ತಕಗಳಿಂದ ಮರೆಯಾಯಿತು.

ಪದ ಹೋದರೂ ನಂಬಿಕೆ ಉಳಿದಿದೆ. 'ಹುಣ್ಣು ಹಣ್ಣಾಗಲಿ' ಎಂದು ನಾವು ಈಗಲೂ ಹೇಳುತ್ತೇವಲ್ಲ! ಗೆಳೆಯರೇ, ಗಾಯವಾದರೆ ತಕ್ಷಣ ಸೋಪು, ಶುದ್ಧ ನೀರಿನಿಂದ ತೊಳೆಯಿರಿ. ಕೀವು ಕಂಡರೆ, ಕೆಂಪು ಹರಡಿದರೆ, ಜ್ವರ ಬಂದರೆ ಕಾಯಬೇಡಿ, ವೈದ್ಯರ ಬಳಿ ಹೋಗಿ.

ಇದನ್ನೆಲ್ಲ ನಾನಿಗೆ ವಿವರಿಸಿದೆ. ಪೂರ್ತಿ ಕೇಳಿ, "ಹಾಗಾದರೆ ಮೊದಲ ದಿನವೇ ಯಾಕೆ ಹೇಳಲಿಲ್ಲ? ಸೈನ್ಸ್ ಓದುವವನು ನೀನಲ್ಲವಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.