ಅಕ್ಷರಗಳ ಗುಟ್ಟು

ಗಣಕಯಂತ್ರಕ್ಕೆ ಅಕ್ಷರಗಳ ಪರಿಚಯವಿಲ್ಲ. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ತೆರೆಯ ಮೇಲೆ ಕಾಣುವ ಪ್ರತಿಯೊಂದು ಅಕ್ಷರದ ಹಿಂದೆಯೂ ಒಂದು ಸಂಖ್ಯೆ ಅಡಗಿರುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದಕ್ಕೆ ಅಕ್ಷರಸಂಕೇತವೆಂದು ಹೆಸರು. ಬರೆಯುವ ಯಂತ್ರವೂ ಓದುವ ಯಂತ್ರವೂ ಒಂದೇ ಒಪ್ಪಂದಕ್ಕೆ ಬದ್ಧವಾಗಿದ್ದರೆ ಬರೆಹವು ಕ್ಷೇಮವಾಗಿ ತಲಪುತ್ತದೆ. ಇಲ್ಲವಾದರೆ ಎಲ್ಲವೂ ಕಲಸುಮೇಲೋಗರ.

1963ರಲ್ಲಿ ಅಮೆರಿಕದಲ್ಲಿ 'ಆಸ್ಕಿ' ಎಂಬ ಸಂಕೇತವು ಪ್ರಕಟವಾಯಿತು. ಅದರಲ್ಲಿದ್ದ ಸ್ಥಾನಗಳು 128 ಮಾತ್ರ. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ಆದರೆ ಲೋಕದಲ್ಲಿರುವುದು ಒಂದೇ ಭಾಷೆಯೆ? ಉಳಿದ ದೇಶಗಳು ತಮ್ಮ ತಮ್ಮ ಲಿಪಿಗಳಿಗೆ ಬೇರೆ ಬೇರೆ ಸಂಕೇತಗಳನ್ನು ಕಟ್ಟಿಕೊಂಡವು. ಜಪಾನಿನಲ್ಲಂತೂ ಒಂದೇ ಭಾಷೆಗೆ ಹಲವು ಸಂಕೇತಗಳು ಹುಟ್ಟಿಕೊಂಡವು. ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ಓದಹೋದಾಗ ಉಂಟಾಗುವ ವಿಕಾರಕ್ಕೆ ಜಪಾನೀಯರು 'ಮೊಜಿಬಾಕೆ' ಎಂದು ಹೆಸರನ್ನೇ ಇಟ್ಟರು. ಅಕ್ಷರಗಳು ವೇಷ ಬದಲಿಸಿದವು ಎಂದು ಅದರ ಭಾವ. ಭಾರತೀಯ ಲಿಪಿಗಳಿಗಾಗಿ 'ಇಸ್ಕಿ' ಎಂಬ ಮಾನಕವು 1991ರಲ್ಲಿ ಬಂದರೂ, ಕನ್ನಡದಲ್ಲಿ ಬಹುಕಾಲ ನಡೆದುದು ಬೇರೊಂದು ಉಪಾಯ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ ಫಾಂಟುಗಳನ್ನು ಜನರು ಬಳಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡದ ಪತ್ರವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೋರುತ್ತಿತ್ತು.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಾಗಿ 'ಯೂನಿಕೋಡ್' 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಆ ಪಟ್ಟಿಯಲ್ಲಿ 'ಕ' ಅಕ್ಷರದ ಸಂಖ್ಯೆ 3221. ಆದರೆ ಗಣಕಯಂತ್ರದ ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು. ಈ ತೊಡಕಿಗೆ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬಿಬ್ಬರು 1992ರಲ್ಲಿ ಪರಿಹಾರ ಕಂಡರು. ಉಪಾಹಾರಗೃಹವೊಂದರಲ್ಲಿ ಮೇಜಿನ ಮೇಲಿದ್ದ ಕಾಗದದ ಹಾಸಿನ ಮೇಲೆಯೇ ಅದರ ವಿನ್ಯಾಸವನ್ನು ಗೀಚಿದರಂತೆ! ಅದೇ 'ಯುಟಿಎಫ್-8'. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಅಕ್ಷರಕ್ಕೆ ಮೂರು. 'ಕ' ಎಂಬುದು 224, 178, 149 ಎಂದು ಮೂರು ಬೈಟುಗಳಾಗಿ ಪ್ರಯಾಣ ಮಾಡುತ್ತದೆ.

ಸಾವಿರಾರು ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಜಾಲಪುಟಗಳಾಗಿ ತೋರಿಸಬೇಕಾಗಿದೆ ಎನ್ನೋಣ. ಒಂದೊಂದನ್ನೂ ಯಾರೂ ಬರೆಯುತ್ತ ಕೂರುವುದಿಲ್ಲ. ತೆರಪುಗಳುಳ್ಳ ಒಂದು ನಮೂನೆಯನ್ನು ಸಿದ್ಧಪಡಿಸಿಟ್ಟರೆ, ಯಂತ್ರವು ಆ ತೆರಪುಗಳಲ್ಲಿ ಹೆಸರನ್ನೂ ಅಂಕಗಳನ್ನೂ ತುಂಬುತ್ತ ಹೋಗುತ್ತದೆ. ಇದಕ್ಕೆ ಟೆಂಪ್ಲೇಟ್ ಎನ್ನುವರು. ಈ ನಮೂನೆಯಲ್ಲಿ ಪಶ್ಚಿಮ ಯೂರೋಪಿನ ಸಂಕೇತವೆಂದು ತಪ್ಪಾಗಿ ನಮೂದಾಗಿದ್ದರೆ ಕಮಲ ಎಂಬ ಹುಡುಗಿಯ ಹೆಸರಿನ ಮೊದಲ ಅಕ್ಷರದ ಗತಿಯೇನು? ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ 'ಎ', ಮೇಲಕ್ಕೇರಿದ ಪುಟ್ಟ ಎರಡು, ಒಂದು ಕರಿಯ ಚುಕ್ಕೆ – ಹೀಗೆ ಮೂರು ಚೂರುಗಳಾಗಿ ಅದು ಕಾಣುತ್ತದೆ.

ಪುಟ ಕೆಟ್ಟು ಕಂಡರೂ ಬೈಟುಗಳು ಕೆಟ್ಟಿಲ್ಲ. ನಮೂದನ್ನು ತಿದ್ದಿದರೆ ಕಮಲೆ ಮರಳಿ ಬರುತ್ತಾಳೆ. ಆ ನಮೂದು ಪುಟದ ಮೊದಲ 1024 ಬೈಟುಗಳೊಳಗೆ ಇರಬೇಕು. ಪುಟವನ್ನು ಕಳುಹಿಸುವ ಯಂತ್ರವು ಲಕೋಟೆಯ ಮೇಲಿನ ವಿಳಾಸದಂತೆ ತಾನೂ ಒಂದು ಸೂಚನೆ ಹಚ್ಚುವುದುಂಟು. ಎರಡಕ್ಕೂ ವಿರೋಧ ಬಂದರೆ ನಡೆಯುವುದು ಲಕೋಟೆಯ ಮಾತೇ. ಪುಟದೊಳಗಿನ ನಮೂದನ್ನೇ ಮತ್ತೆ ಮತ್ತೆ ತಿದ್ದಿ ಬೇಸತ್ತವರು ಬಹುಮಟ್ಟಿಗೆ ಇದನ್ನು ಮರೆತವರು.

ಕೆಟ್ಟು ಕಂಡುದನ್ನೇ ನಿಜವೆಂದು ನಂಬಿ ಮತ್ತೆ ಉಳಿಸಿದಾಗ ಕೇಡು ಬೆಳೆಯುತ್ತದೆ. ಆ ಮೂರು ಚೂರುಗಳು ಪುನಃ ಯುಟಿಎಫ್-8ಕ್ಕೆ ತಿರುಗಿದಾಗ ಮೂರು ಬೈಟುಗಳಿದ್ದ 'ಕ' ಏಳು ಬೈಟುಗಳಾಗುತ್ತದೆ. ಬಿಡಿಸುವುದು ಕಷ್ಟವಾದರೂ ಸಾಧ್ಯ. ಕನ್ನಡವನ್ನೇ ಅರಿಯದ ಸಂಕೇತಕ್ಕೆ ಹೆಸರುಗಳನ್ನು ಪರಿವರ್ತಿಸಿ ಉಳಿಸಿದರೆ ಮಾತ್ರ ಉಪಾಯವಿಲ್ಲ. ಯಂತ್ರವು ತಾನರಿಯದ ಪ್ರತಿಯೊಂದು ಅಕ್ಷರದ ಸ್ಥಾನದಲ್ಲಿಯೂ ಸಾಮಾನ್ಯವಾಗಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನಿಡುತ್ತದೆ. ಆಗ ಕಮಲ, ಸರಳ, ಭರತ – ಈ ಮೂವರ ಹೆಸರಿನಲ್ಲಿಯೂ ಉಳಿಯುವುದು ಮೂರು ಪ್ರಶ್ನಾರ್ಥಕ ಚಿಹ್ನೆಗಳೇ. ಯಾರ ಅಂಕ ಯಾರದೆಂದು ತಿಳಿಯಲು ಶಾಲೆಯ ದಾಖಲಾತಿ ಪುಸ್ತಕವನ್ನು ಬೀರುವಿನಿಂದ ಹೊರತೆಗೆಯಬೇಕಾಗುತ್ತದೆ.