ಫೋಟೋ ಓದುವುದು ಹೇಗೆ?

ಫೋಟೋವನ್ನೂ ಪಾಠದಂತೆ ಓದಬಹುದು. ಅಮೆರಿಕದ ಲೂಯಿಸ್ ಹೈನ್ ಎಂಬ ಮಾಸ್ತರರು ಶಾಲೆಯ ನೌಕರಿ ಬಿಟ್ಟು, ಕೆಲಸ ಮಾಡುವ ಮಕ್ಕಳ ಫೋಟೋ ತೆಗೆಯುತ್ತ ಊರೂರು ತಿರುಗಿದರು. 1908ರಲ್ಲಿ ದಕ್ಷಿಣ ಕೆರೊಲಿನಾದ ಲ್ಯಾಂಕಾಸ್ಟರ್ ಊರಿನ ಹತ್ತಿ ಗಿರಣಿಯಲ್ಲಿ ಅವರು ತೆಗೆದ ಒಂದು ಕಪ್ಪು-ಬಿಳುಪು ಫೋಟೋ ನೋಡೋಣ.

1. ಗೆರೆ: ನೂಲುವ ಯಂತ್ರದ ಸಾಲು ನಮ್ಮ ಹತ್ತಿರ ದೊಡ್ಡದು. ದೂರ ಹೋದಂಗ ಸಣ್ಣದಾಗ್ತದ, ರೈಲು ಹಳಿ ಇದ್ದಂಗ. ಕೆಲಸಕ್ಕೆ ಕೊನೆಯೇ ಇಲ್ಲ ಅನಿಸ್ತದ.

2. ಅಳತೆ: ಯಂತ್ರದ ಪಕ್ಕ ಒಬ್ಬ ಹುಡುಗಿ. ಎತ್ತರ ಬರೀ 4 ಅಡಿ. ಉದ್ದನೆಯ ಯಂತ್ರದ ಮುಂದೆ ಅವಳು ಇನ್ನೂ ಸಣ್ಣವಳಾಗಿ ಕಾಣ್ತಾಳ. ಹೈನ್ ತಮ್ಮ ಅಂಗಿ ಗುಂಡಿಗಳ ಲೆಕ್ಕದಲ್ಲಿ ಮಕ್ಕಳ ಎತ್ತರವನ್ನು ಗುಟ್ಟಾಗಿ ಅಳೆಯುತ್ತಿದ್ದರಂತೆ!

3. ಅಂಚು: ಫೋಟೋ ಮುಗೀತದ, ಯಂತ್ರ ಮುಗಿಯೂದಿಲ್ಲ. ಹೊರಗೆ ಇನ್ನೂ ಎಷ್ಟು ಮಕ್ಕಳಿದ್ದಾರೋ ಎಂದು ಮನಸ್ಸು ಕೇಳ್ತದ.

ಇಂಥ ಫೋಟೋಗಳು ಜನರ ಕಣ್ಣು ತೆರೆಸಿದವು. ಆದರೂ ಬಾಲಕಾರ್ಮಿಕರ ಕೆಲಸ ತಡೆಯುವ, ಗಟ್ಟಿಯಾಗಿ ಉಳಿದ ಕಾಯ್ದೆ ಇಡೀ ಅಮೆರಿಕದಾಗ ಬಂದದ್ದು 1938ರಲ್ಲಿ. 30 ವರ್ಷ ಹಿಡೀತು!

ನಮ್ಮ ರಾಣೆಬೆನ್ನೂರು, ಹಾವೇರಿ ಕಡೆಯೂ ಹತ್ತಿ ಹೊಲಗಳಿವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲರಿಗೂ ಶಾಲೆಯ ಹಕ್ಕು ಕೊಟ್ಟಿದೆ.

ಈಗ ನಮ್ಮ ಶಾಲೆಯ ಗ್ರೂಪ್ ಫೋಟೋ ನೋಡ್ರಿ. ನಡುವೆ ಯಾರು? ಅಂಚಿಗೆ ಯಾರು? ಆಮೇಲೆ ಹಾಜರಿ ಪುಸ್ತಕದ ಹೆಸರು ಎಣಿಸ್ರಿ. ಫೋಟೋದಾಗ ಇಲ್ಲದವರು ಆ ದಿನ ಎಲ್ಲಿದ್ದರು?

– 7ನೇ ತರಗತಿ