ನೋವನ್ನು ನುಂಗುವುದೇ ಸಹನೆಯೇ?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಪರಿಚಿತರೊಬ್ಬರ ತಂದೆಯವರನ್ನು ನೋಡಲು ಹೋಗಿದ್ದೆ. ಅವರಿಗೆ ಬಾಯಿಯ ಕ್ಯಾನ್ಸರ್. ಆಪರೇಷನ್ ಆಗಿತ್ತು, ಕರೆಂಟ್ ಚಿಕಿತ್ಸೆಯೂ ಮುಗಿದಿತ್ತು. ಆದರೂ ರೋಗ ಮರುಕಳಿಸಿ ಕುತ್ತಿಗೆಗೆ ಹರಡಿತ್ತು. ಇನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ವೈದ್ಯರು ಹೇಳಿ ಎರಡು ವಾರ ಕಳೆದಿತ್ತು. ಹಿರಿಯರು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಮುಷ್ಟಿಯಲ್ಲೊಂದು ಟವೆಲು. ಅದರ ಅಂಚು ನೂಲು ನೂಲಾಗಿ ಬಿಚ್ಚಿಕೊಂಡಿತ್ತು. ರಾತ್ರಿಯಿಡೀ ಅದನ್ನು ಹಿಂಡುತ್ತಲೇ ಇರುತ್ತಾರೆ ಎಂದು ಸೊಸೆ ಮೆಲುದನಿಯಲ್ಲಿ ಹೇಳಿದರು.

“ನಮ್ಮ ಅಬ್ಬಾ ಬಹಳ ಸಬ್ರ್ ಇರುವವರು ಭಾಯಿ. ಒಂದು ಸಲವೂ ಅಯ್ಯೋ ಎಂದಿಲ್ಲ” ಎಂದರು ಮಗ. ಅವರ ದನಿಯಲ್ಲಿ ಅಭಿಮಾನವಿತ್ತು. ಮೇಜಿನ ಮೇಲೆ ವೈದ್ಯರು ಬರೆದುಕೊಟ್ಟ ಚೀಟಿ ಹಾಗೆಯೇ ಬಿದ್ದಿತ್ತು. ಅದರಲ್ಲಿ ಮಾರ್ಫಿನ್ ಮಾತ್ರೆಯ ಹೆಸರಿತ್ತು. ಅದು ಅಫೀಮಿನಿಂದ ತಯಾರಾಗುವ ಔಷಧ, ನಶೆಯಲ್ಲಿದ್ದಾಗ ಮರಣ ಬಂದರೆ ಕಲಿಮಾ ಹೇಳುವ ಭಾಗ್ಯವೂ ಇಲ್ಲದಂತಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಆದ್ದರಿಂದ ಅದನ್ನು ತಂದಿರಲಿಲ್ಲ.

ಆ ದಿನ ನಾನು ಏನನ್ನೂ ಹೇಳದೆ ಹಿಂದಿರುಗಿದೆ. ಹೇಳುವಷ್ಟು ತಿಳಿವಳಿಕೆ ನನಗೂ ಇರಲಿಲ್ಲ. ಆದರೆ ಆ ಟವೆಲು ಕಣ್ಣಿನಿಂದ ಮರೆಯಾಗಲಿಲ್ಲ. ನೋವನ್ನು ನುಂಗಿಕೊಂಡು ಮಲಗುವುದನ್ನೇ ಇಸ್ಲಾಮ್ ಸಹನೆ ಎಂದು ಕರೆದಿದೆಯೇ? ನೋವು ನಿವಾರಣೆಗೆ ಯತ್ನಿಸುವುದು ಅಲ್ಲಾಹನ ತೀರ್ಮಾನದ ಬಗ್ಗೆ ಅಸಮಾಧಾನ ತೋರಿದಂತಾಗುವುದೇ? ಇಂತಹ ಪ್ರಶ್ನೆ ಒಂದು ಮನೆಯದ್ದು ಮಾತ್ರವಲ್ಲ. ನಿಮ್ಮ ಮನೆಯಲ್ಲೂ ಒಂದು ದಿನ ಏಳಬಹುದು.

ಸಹನೆಗೆ ಮಾದರಿಯೆಂದು ಎಲ್ಲರೂ ಹೆಸರಿಸುವ ಪ್ರವಾದಿ ಅಯ್ಯೂಬ್(ಅ)ರನ್ನೇ ನೋಡಿರಿ. ತನಗೆ ಕಷ್ಟ ತಟ್ಟಿದೆ ಎಂದು ಅವರು ತಮ್ಮ ಪ್ರಭುವಿನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ಅಲ್ಲಾಹನು ಅವರ ಮೊರೆಯನ್ನು ಕೇಳಿ ಸಂಕಟವನ್ನು ನೀಗಿಸಿದನೆಂದು ಪವಿತ್ರ ಕುರ್‌ಆನ್ ಸೂರಃ ಅಲ್ ಅಂಬಿಯಾದಲ್ಲಿ ತಿಳಿಸುತ್ತದೆ. ಹೇಳಿಕೊಂಡ ಕಾರಣಕ್ಕೆ ಅವರು ಸಹನಾಶೀಲರ ಪಟ್ಟಿಯಿಂದ ಹೊರಗಾಗಲಿಲ್ಲ.

ಪ್ರವಾದಿವರ್ಯ(ಸ)ರ ಮನೆಯಲ್ಲಿ ಏನಾಗಿತ್ತು? ಹ. ಆಯಿಶಾ(ರ) ಒಮ್ಮೆ ತಲೆನೋವಿನಿಂದ ‘ಅಯ್ಯೋ ನನ್ನ ತಲೆಯೇ’ ಎಂದು ನರಳಿದರು. ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ. ನರಳಬೇಕಾದವನು ನಾನು ಎಂಬರ್ಥದಲ್ಲಿ ತಾವೂ ಅದೇ ಮಾತನ್ನು ಆಡಿದರು. ಆಗ ಅವರಿಗೂ ತಲೆ ಸಿಡಿಯುತ್ತಿತ್ತು. ಈ ಘಟನೆ ಬುಖಾರಿಯಲ್ಲಿದೆ. ಇನ್ನೊಮ್ಮೆ ಹ. ಇಬ್ನು ಮಸ್ಊದ್(ರ) ಅವರ ಜ್ವರದ ತೀವ್ರತೆ ಕಂಡು ಕೇಳಿದಾಗ, ನಿಮ್ಮಲ್ಲಿ ಇಬ್ಬರು ಅನುಭವಿಸುವಷ್ಟು ಜ್ವರವನ್ನು ತಾನೊಬ್ಬನೇ ಅನುಭವಿಸುತ್ತಿದ್ದೇನೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧವನ್ನು ಇಳಿಸಿದ್ದಾನೆಂದು ಕಲಿಸಿದವರೂ ಅವರೇ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಅಸ್ವಸ್ಥರಾದಾಗ, ವೈದ್ಯಶಾಸ್ತ್ರ ಬಲ್ಲ ಹಾರಿಸ್ ಬಿನ್ ಕಲದಃ ಎಂಬವರ ಬಳಿಗೆ ಹೋಗುವಂತೆ ಸೂಚಿಸಿದರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ದುಆ ಮಾಡಿದರು, ಜೊತೆಗೆ ಬಲ್ಲ ವೈದ್ಯರ ಬಳಿಗೂ ಕಳುಹಿಸಿದರು. ಸ್ಪೆಷಲಿಸ್ಟ್ ವೈದ್ಯರ ಬಳಿ ಹೋಗುವುದು ತವಕ್ಕುಲ್‌ನ ಕೊರತೆಯೆಂದು ಹೇಳುವವರು ಈ ವರದಿಯನ್ನು ಓದಬೇಕು.

ವಸ್ತುತಃ ಸಹನೆಯೆಂದರೆ ನಿರಾಶರಾಗದಿರುವುದು, ಅಲ್ಲಾಹನನ್ನು ದೂರದಿರುವುದು. ನಿವಾರಿಸಲು ಸಾಧ್ಯವಿರುವ ನೋವನ್ನು ನಿವಾರಿಸದೆ ಇಟ್ಟುಕೊಳ್ಳುವುದಕ್ಕೆ ಆ ಹೆಸರು ಸಲ್ಲದು. ಅದರಲ್ಲೂ ನೋಯುವವರು ಒಬ್ಬರು, ಸಹಿಸಬೇಕೆಂದು ತೀರ್ಮಾನಿಸುವವರು ಇನ್ನೊಬ್ಬರು ಎಂದಾದರೆ ಅದು ಸಹನೆಯಂತೂ ಅಲ್ಲವೇ ಅಲ್ಲ.

ಇನ್ನು ಮಾರ್ಫಿನ್ ವಿಷಯ. ಅದು ಅಫೀಮಿನಿಂದ ಬರುತ್ತದೆಂಬುದು ನಿಜ. ಆದರೆ ನಶೆಗಾಗಿ ಸೇವಿಸುವುದು ಬೇರೆ, ವೈದ್ಯರು ಅಳೆದು ಕೊಡುವ ಔಷಧ ಬೇರೆ. ನಿರ್ಬಂಧಿತ ಸ್ಥಿತಿಯಲ್ಲಿ ನಿಷಿದ್ಧವಾದುದರಲ್ಲೂ ವಿನಾಯಿತಿ ಇದೆಯೆಂದು ಕುರ್‌ಆನೇ ಹೇಳಿದೆ. ಈ ತತ್ವದ ಆಧಾರದಲ್ಲಿ ವಿದ್ವಾಂಸರು ಚಿಕಿತ್ಸೆಗಾಗಿ ಇಂತಹ ಔಷಧಗಳಿಗೆ ಅನುಮತಿ ನೀಡಿದ್ದಾರೆ. 1992ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಚಿಕಿತ್ಸೆಯ ಕುರಿತು ನಿರ್ಣಯ ಕೈಗೊಂಡಾಗ ಒಂದು ಮುಖ್ಯ ಮಾತನ್ನು ಸೇರಿಸಿತು. ಗುಣವಾಗುವ ನಿರೀಕ್ಷೆ ಇರಲಿ ಇಲ್ಲದಿರಲಿ, ರೋಗಿಯ ಧೈರ್ಯ ಕುಂದದಂತೆ ನೋಡಿಕೊಳ್ಳಬೇಕು, ಅವನ ಮಾನಸಿಕ ಹಾಗೂ ಶಾರೀರಿಕ ನೋವನ್ನು ತಗ್ಗಿಸಲು ಶ್ರಮಿಸಬೇಕು ಎಂಬುದು ಅದರ ಸಾರ.

ಈ ಔಷಧದ ಬಗ್ಗೆ ಮನೆಯವರು ತಿಳಿದಿರಬೇಕಾದುದು ಹೆಚ್ಚೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮವೊಂದನ್ನು ಪ್ರಕಟಿಸಿತು. ಮೊದಲು ಪ್ಯಾರಾಸಿಟಮಾಲ್‌ನಂತಹ ಸಾಮಾನ್ಯ ಮಾತ್ರೆ, ಬಳಿಕ ಸ್ವಲ್ಪ ಬಲವಾದುದು, ಅದಕ್ಕೂ ಜಗ್ಗದ ನೋವಿಗೆ ಮಾರ್ಫಿನ್. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನೋವು ಬಂದಾಗ ಮಾತ್ರ ನುಂಗುವುದಲ್ಲ. ಗಡಿಯಾರ ನೋಡಿ ಸುಮಾರು ನಾಲ್ಕು ಗಂಟೆಗೊಮ್ಮೆ ಕೊಟ್ಟರೆ ನೋವು ಮತ್ತೆ ತಲೆಯೆತ್ತುವುದಿಲ್ಲ. ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಇರಬಹುದು. ಸಾಮಾನ್ಯವಾಗಿ ಅವು ತಾವಾಗಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಬಿಡುವುದಿಲ್ಲ. ಆದ್ದರಿಂದ ಅದಕ್ಕೂ ಔಷಧ ಜೊತೆಗೇ ಬೇಕು, ಮರೆತರೆ ರೋಗಿಗೆ ಇನ್ನೊಂದು ಯಾತನೆ. ನೋವಿಗಾಗಿ ಸರಿಯಾದ ಪ್ರಮಾಣದಲ್ಲಿ ಪಡೆಯುವ ರೋಗಿ ಚಟಕ್ಕೆ ಬೀಳುವುದು ವಿರಳ. ಇದು ಮರಣವನ್ನು ಬೇಗ ತರುವ ಮಾತ್ರೆಯೆಂಬುದೂ ತಪ್ಪು ಕಲ್ಪನೆ. ಕಲಿಮಾದ ವಿಚಾರಕ್ಕೆ ಬಂದರೆ, ಪರಿಸ್ಥಿತಿ ಬಹುತೇಕ ತಿರುಗಾಮುರುಗಾ ಆಗಿದೆ. ತಡೆಯಲಾಗದ ನೋವಿನಲ್ಲಿರುವವರಿಗೆ ಎಲ್ಲಿಯ ನಮಾಝ್, ಎಲ್ಲಿಯ ಝಿಕ್ರ್? ನೋವು ಹತೋಟಿಗೆ ಬಂದ ಬಳಿಕವೇ ಎಷ್ಟೋ ಮಂದಿ ಮಾತಾಡುತ್ತಾರೆ, ತಸ್ಬೀಹ್ ಹಿಡಿಯುತ್ತಾರೆ.

ಜಗತ್ತಿನಲ್ಲಿ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಆದರೂ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ನಮ್ಮ ಆಸ್ಪತ್ರೆಗಳಲ್ಲೇ ಮಾರ್ಫಿನ್ ಸಿಗುವುದು ದುರ್ಲಭವಾಗಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ದಾರಿ ಸ್ವಲ್ಪ ಸುಗಮವಾಯಿತು. ಈಗಲೂ ಇದು ಎಲ್ಲ ಔಷಧದಂಗಡಿಗಳಲ್ಲಿ ಸಿಗುವುದಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಕೇಳಬೇಕು. ಕೇಳುವಾಗ ‘ಪ್ಯಾಲಿಯೇಟಿವ್ ಕೇರ್’ ವಿಭಾಗ ಎಲ್ಲಿದೆ ಎಂದು ವಿಚಾರಿಸಿರಿ. ಗುಣವಾಗದ ರೋಗದಲ್ಲೂ ನೋವು, ಉಬ್ಬಸ, ಗಾಯ, ಮನಸ್ಸಿನ ಕಳವಳ ಇವೆಲ್ಲವನ್ನೂ ನೋಡಿಕೊಳ್ಳುವ ವೈದ್ಯ ವಿಭಾಗವಿದು. ಹೃದಯಕ್ಕೆ, ಕಣ್ಣಿಗೆ ಇರುವಂತೆ ಇದಕ್ಕೂ ಪರಿಣತ ವೈದ್ಯರಿದ್ದಾರೆ, ದಾದಿಯರಿದ್ದಾರೆ. ಇನ್ನೇನೂ ಮಾಡುವಂತಿಲ್ಲ ಎಂಬ ಮಾತನ್ನು ಕೇಳಿ ಮನೆಗೆ ಮರಳುವ ಕುಟುಂಬಗಳಿಗೆ ಇದು ತಿಳಿದಿರುವುದೇ ಇಲ್ಲ.

ಈ ಆರೈಕೆಗೆ ಆಧುನಿಕ ರೂಪ ಕೊಟ್ಟವರು ಸಿಸಿಲಿ ಸಾಂಡರ್ಸ್ ಎಂಬ ಆಂಗ್ಲ ಮಹಿಳೆ. 1967ರಲ್ಲಿ ಲಂಡನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದ ಅವರು, ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದ್ದು, ಸಂಬಂಧಗಳದ್ದು, ಆತ್ಮದ್ದು ಕೂಡ ಎಂದು ವಾದಿಸಿದರು. ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ 1993ರಲ್ಲಿ ವೈದ್ಯರು ಹಾಗೂ ಸ್ವಯಂಸೇವಕರು ಸೇರಿ ಪೇನ್ ಆಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿಯನ್ನು ಕಟ್ಟಿದರು. ಬಳಿಕ ಮಲಪ್ಪುರಂ ಜಿಲ್ಲೆಯಲ್ಲಿ ಊರವರೇ ತರಬೇತಿ ಪಡೆದು, ಊರಲ್ಲೇ ಹಣ ಕೂಡಿಸಿ, ದಾದಿಯರೊಂದಿಗೆ ಮನೆ ಮನೆಗೆ ಹೋಗುವ ಏರ್ಪಾಡು ಬೆಳೆಯಿತು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ಪ್ರತ್ಯೇಕ ನೀತಿಯನ್ನೇ ರೂಪಿಸಿತು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಟ್ರಸ್ಟೊಂದು ‘ಕರುಣಾಶ್ರಯ’ವನ್ನು ನಡೆಸುತ್ತಿದೆ. 1999ರಿಂದ ಅಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಳರೋಗಿಗಳಾಗಿ ಇರಿಸಿಕೊಂಡು ಉಚಿತವಾಗಿ ಉಪಚರಿಸುತ್ತಾರೆ. ಜಾತಿ ಮತ ಕೇಳುವುದಿಲ್ಲ.

ಇದು ನಮಗೆ ಹೊಸತೇ? ಖಂದಕ್ ಯುದ್ಧದಲ್ಲಿ ಬಾಣ ತಗಲಿದ ಹ. ಸಅದ್ ಬಿನ್ ಮುಆದ್(ರ)ರಿಗೆ ಪ್ರವಾದಿವರ್ಯರು(ಸ) ಮಸೀದಿಯೊಳಗೇ ಡೇರೆ ಹಾಕಿಸಿದರು. ಹತ್ತಿರವಿದ್ದರೆ ಆಗಾಗ ಹೋಗಿ ನೋಡಬಹುದೆಂಬುದೇ ಅದರ ಉದ್ದೇಶ. ಗಾಯಾಳುಗಳನ್ನು ಉಪಚರಿಸುತ್ತಿದ್ದ ರುಫೈದಾ(ರ) ಎಂಬ ಮಹಿಳೆಯ ಹೆಸರನ್ನು ಚರಿತ್ರೆ ಉಳಿಸಿಕೊಂಡಿದೆ. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಜ್ವರಕ್ಕೆ, ಕಣ್ಣಿಗೆ, ಶಸ್ತ್ರಚಿಕಿತ್ಸೆಗೆ ಬೇರೆ ಬೇರೆ ವಿಭಾಗಗಳಿದ್ದವು. ಬಡವ-ಬಲ್ಲಿದ, ಗಂಡಸು-ಹೆಂಗಸು, ಊರವರು-ಪರವೂರವರು ಎಂಬ ಭೇದವಿಲ್ಲದೆ ಅದರ ಬಾಗಿಲು ತೆರೆದಿತ್ತು. ಖರ್ಚು ವಕ್ಫ್ ಆಸ್ತಿಯಿಂದ ಹೋಗುತ್ತಿತ್ತು. ನಮ್ಮ ಊರುಗಳ ಜಮಾಅತ್‌ಗಳು ಮದುವೆ ಹಾಲ್ ಕಟ್ಟುವಾಗ ಇದನ್ನೊಮ್ಮೆ ನೆನಪಿಸಿಕೊಂಡರೆ ಒಳ್ಳೆಯದಿತ್ತು. ಗಾಳಿ ತುಂಬಿದ ಹಾಸಿಗೆ, ಆಕ್ಸಿಜನ್ ಯಂತ್ರ, ಗಾಲಿಕುರ್ಚಿ ಇವಿಷ್ಟನ್ನು ಮಸೀದಿಯ ಒಂದು ಕೋಣೆಯಲ್ಲಿಟ್ಟು ಬೇಕಾದವರಿಗೆ ಎರವಲು ಕೊಟ್ಟರೂ ಎಷ್ಟೋ ಮನೆಗಳು ಉಸಿರಾಡುತ್ತವೆ.

ಇದಕ್ಕಿಂತಲೂ ಕಠಿಣವಾದ ವಿಷಯ ಇನ್ನೊಂದಿದೆ. ರೋಗಿಗೆ ರೋಗದ ಹೆಸರನ್ನೇ ಹೇಳದಿರುವುದು. “ಅಬ್ಬಾರಿಗೆ ಹೇಳಬೇಡಿ ಡಾಕ್ಟರ್, ಎದೆ ಒಡೆದುಕೊಳ್ಳುತ್ತಾರೆ” ಎಂದು ಮಕ್ಕಳು ಬೇಡಿಕೊಳ್ಳುತ್ತಾರೆ. ಪ್ರೀತಿಯಿಂದಲೇ ಬೇಡುತ್ತಾರೆ. ಆದರೆ ರೋಗಿಗೆ ಗೊತ್ತಾಗದೆ ಇರುತ್ತದೆಯೇ? ಕ್ಯಾನ್ಸರ್ ಆಸ್ಪತ್ರೆಯ ಬೋರ್ಡನ್ನು ಅವರೂ ಓದಿರುತ್ತಾರೆ. ತನಗೆ ಗೊತ್ತಿದೆಯೆಂದು ಮಕ್ಕಳಿಗೆ ತಿಳಿದರೆ ಅವರು ನೊಂದಾರೆಂದು ಅವರೂ ಸುಮ್ಮನಿರುತ್ತಾರೆ. ಒಂದೇ ಕೋಣೆಯಲ್ಲಿ ಎಲ್ಲರೂ ಒಂಟಿಯಾಗುತ್ತಾರೆ.

ಪ್ರವಾದಿವರ್ಯ(ಸ)ರ ಕೊನೆಯ ಕಾಯಿಲೆಯಲ್ಲಿ ನಡೆದ ಒಂದು ಘಟನೆಯನ್ನು ಹ. ಆಯಿಶಾ(ರ) ತಿಳಿಸಿದ್ದಾರೆ. ಮನೆಯವರು ಅವರ ಬಾಯಿಯ ಬದಿಯಿಂದ ಔಷಧ ಹಾಕಲು ಹೊರಟರು. ಬೇಡವೆಂದು ಅವರು ಸನ್ನೆ ಮಾಡಿದರು. ರೋಗಿಗಳು ಔಷಧವೆಂದರೆ ಹೀಗೆಯೇ ಎಂದುಕೊಂಡು ಇವರು ಹಾಕಿಯೇಬಿಟ್ಟರು. ಚೇತರಿಸಿಕೊಂಡಾಗ ಪ್ರವಾದಿವರ್ಯರು(ಸ) ಇದನ್ನು ಆಕ್ಷೇಪಿಸಿದರು, ಮಾತ್ರವಲ್ಲ, ಅಲ್ಲಿದ್ದವರೆಲ್ಲರ ಬಾಯಿಗೂ ಅದೇ ಔಷಧ ಹಾಕಿಸಿದರು. ಆ ಹೊತ್ತಿನಲ್ಲಿ ಅಲ್ಲಿಲ್ಲದಿದ್ದ ಅಬ್ಬಾಸ್(ರ) ಒಬ್ಬರಿಗೆ ಮಾತ್ರ ವಿನಾಯಿತಿ ಸಿಕ್ಕಿತು. ರೋಗಿಗೂ ಒಂದು ಅಭಿಪ್ರಾಯವಿದೆ, ಅದನ್ನು ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಯಾವುದಿದೆ?

ಅಲ್ಲದೆ ವಸೀಯತ್ ಬರೆದಿಡುವುದು, ಸಾಲ ತೀರಿಸುವುದು, ಮುನಿಸಿಕೊಂಡವರಲ್ಲಿ ಕ್ಷಮೆ ಕೇಳುವುದು ಇವೆಲ್ಲ ಸತ್ಯವಿಶ್ವಾಸಿಯ ಬಾಧ್ಯತೆಗಳು. ಎಷ್ಟು ಸಮಯವಿದೆಯೆಂಬ ಅಂದಾಜೇ ಇಲ್ಲದವರು ಅವುಗಳನ್ನು ಯಾವಾಗ ಮಾಡಬೇಕು? ಒರಟಾಗಿ ಹೇಳಿರೆಂದು ನಾನು ಹೇಳುವುದಿಲ್ಲ. ಅವರಿಗೆ ಎಷ್ಟು ತಿಳಿದಿದೆ, ಇನ್ನೆಷ್ಟು ತಿಳಿಯಬೇಕೆಂದಿದೆ ಎಂದು ಮೊದಲು ಕೇಳಿರಿ. ಅವರು ಕೇಳಿದಷ್ಟಕ್ಕೆ ಸುಳ್ಳಿಲ್ಲದ ಉತ್ತರ ಕೊಡಿರಿ. ಹಾಗೆಯೇ ಮನೆ ಅಡವಿಟ್ಟು ಕೊನೆಯ ಪ್ರಯತ್ನವೊಂದನ್ನು ಮಾಡಹೊರಡುವ ಮೊದಲು ವೈದ್ಯರಲ್ಲಿ ನೇರವಾಗಿ ವಿಚಾರಿಸಿರಿ. ಇದರಿಂದ ಗುಣವಾಗುತ್ತದೆಯೇ, ಇಲ್ಲವಾದರೆ ಎಷ್ಟು ದಿನ ಸಿಗುತ್ತದೆ, ಆ ದಿನಗಳು ಮನೆಯವರೊಂದಿಗೋ ಐಸಿಯುವಿನೊಳಗೋ ಎಂದು. ಅವರು ಅವಸರದಲ್ಲಿದ್ದರೆ ಇನ್ನೊಮ್ಮೆ ಹೋಗಿ ಕೇಳಿರಿ.

ಮನೆಯ ಆರೈಕೆಯಲ್ಲಿ ಸಣ್ಣ ಸಂಗತಿಗಳೇ ದೊಡ್ಡವು. ಎದ್ದೇಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣಾಗುವುದು ತಪ್ಪುತ್ತದೆ. ಕ್ಯಾನ್ಸರ್ ಗಾಯದ ದುರ್ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಗಾಯಕ್ಕೆ ಹಾಕುವ ಕ್ರಮವಿದೆ, ದಾದಿಯರು ತೋರಿಸಿಕೊಡುತ್ತಾರೆ. ವಾಸನೆ ಹೋದರೆ ಮೊಮ್ಮಕ್ಕಳು ಮತ್ತೆ ಹತ್ತಿರ ಬಂದು ಕೂರುತ್ತಾರೆ. ಊಟಕ್ಕೆ ಒತ್ತಾಯ ಬೇಡ, ರೋಗಿಗಳನ್ನು ಉಣ್ಣುವಂತೆ ಬಲವಂತಪಡಿಸಬಾರದೆಂದು ಹದೀಸ್‌ನಲ್ಲೂ ಬಂದಿದೆ. ಕೊನೆಯ ದಿನಗಳಲ್ಲಿ ಹಸಿವು ಇಂಗುವುದು ರೋಗದ ಸಹಜ ಗತಿ. ಎರಡು ಚಮಚ ಗಂಜಿ ಸಾಕೆಂದರೆ ಸಾಕು, ತುಟಿ ಒದ್ದೆ ಮಾಡುತ್ತಿರಿ. ನಮಾಝ್ ಕೂತು, ಅದೂ ಆಗದಿದ್ದರೆ ಮಲಗಿ ಸನ್ನೆಯಿಂದ. ನೀರು ಮುಟ್ಟುವಂತಿಲ್ಲದಿದ್ದರೆ ತಯಮ್ಮುಮ್. ತಲೆಗೆ ಗಾಯವಾಗಿದ್ದವನಿಗೆ ಸ್ನಾನ ಕಡ್ಡಾಯವೆಂದು ಹೇಳಿ ಅವನ ಸಾವಿಗೆ ಕಾರಣರಾದ ಸಂಗಾತಿಗಳ ಮೇಲೆ ಪ್ರವಾದಿವರ್ಯರು(ಸ) ಎಷ್ಟು ಕೋಪಗೊಂಡಿದ್ದರೆಂಬುದನ್ನು ಅಬೂದಾವೂದ್‌ನಲ್ಲಿ ಓದಬಹುದು.

ಆರೈಕೆ ಮಾಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ಸೊಸೆ. ತಂದೆ-ತಾಯಿಯ ಸೇವೆಯ ಹೊಣೆಯನ್ನು ಕುರ್‌ಆನ್ ಹೊರಿಸಿರುವುದು ಮಕ್ಕಳ ಮೇಲೆ. ಸೊಸೆ ಮಾಡುವುದು ಅವಳ ಔದಾರ್ಯ, ಅದಕ್ಕೆ ಅಲ್ಲಾಹನ ಬಳಿ ಪ್ರತಿಫಲವಿದೆ. ಆದರೆ ಗಂಡುಮಕ್ಕಳು ರಾತ್ರಿಯ ಪಾಳಿಯನ್ನಾದರೂ ಹಂಚಿಕೊಳ್ಳಬಾರದೇ? ನೋಡಲು ಬರುವ ನಾವು ಹತ್ತು ನಿಮಿಷದಲ್ಲಿ ಏಳಬೇಕು. ಇದೇ ರೋಗದಿಂದ ತೀರಿಹೋದ ನಮ್ಮ ಮಾವನ ಕಥೆ ಅಲ್ಲಿ ಬೇಡ. ಇಂಥ ಊರಲ್ಲೊಬ್ಬರು ಬೇರು ಕೊಡುತ್ತಾರೆಂಬ ಸಲಹೆಯೂ ಬೇಡ. ಬದಲಾಗಿ, ನಾವು ಕೂತಿರುತ್ತೇವೆ, ನೀವು ಎರಡು ಗಂಟೆ ಮಲಗಿರಿ ಎಂದು ಆ ಹೆಣ್ಣುಮಗಳಿಗೆ ಹೇಳುವವರು ಒಬ್ಬರಾದರೂ ಇರಲಿ.

ಆ ಹಿರಿಯರ ಮನೆಗೆ ನಾನು ಮತ್ತೆ ಹೋದದ್ದು ಮೂರು ವಾರಗಳ ಬಳಿಕ. ಅಷ್ಟರಲ್ಲಿ ಅವರ ಮಗಳು ಊರಿನಿಂದ ಬಂದು, ಮನೆಗೆ ಬಂದು ನೋಡುವ ತಂಡವೊಂದನ್ನು ವಿಚಾರಿಸಿ ಕರೆಸಿದ್ದರು. ತಮ್ಮೊಂದಿಗೆ ವಾದಿಸಿ ಮಾತ್ರೆಯನ್ನೂ ಶುರು ಮಾಡಿಸಿದ್ದರು. ಅವರು ದಿಂಬಿಗೆ ಒರಗಿ ಕೂತಿದ್ದರು. ಮಾತು ತೊದಲುತ್ತಿತ್ತು, ಆದರೆ ನನ್ನ ಗುರುತು ಹಿಡಿದರು. ಅಸರ್ ನಮಾಝನ್ನು ಸನ್ನೆಯಿಂದ ಮುಗಿಸಿದ್ದರು. ಮಗನನ್ನು ಕರೆದು ಒಂದು ಚೀಟಿ ತೋರಿಸಿದರು. ಊರಿನ ಕಿರಾಣಿ ಅಂಗಡಿಯವರಿಗೆ 340 ರೂಪಾಯಿ ಬಾಕಿ, ಹಳೆಯ ಪಾಲುದಾರರೊಬ್ಬರಿಗೆ ಸಲಾಮ್ ಹೇಳಿ ಕ್ಷಮೆ ಕೇಳಬೇಕು ಎಂದು ಅವರು ಹೇಳಿಸಿ ಮಗಳು ಬರೆದದ್ದು. ಮಗ ಅದೇ ವಾರ ಬಸ್ಸು ಹತ್ತಿ ಊರಿಗೆ ಹೋಗಿ ಎರಡನ್ನೂ ಮುಗಿಸಿ ಬಂದರು. ಪಾಲುದಾರರೂ ಅದೇ ಬಸ್ಸಿನಲ್ಲಿ ಅವರೊಂದಿಗೆ ಬಂದಿದ್ದರಂತೆ.